ಪಾರ್ವತಿ ಪಾವತಿಯಾದ ದಿನ

ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸರ್, ಹಳೇದು ತೆಗೆದು ಹೊಸ ಕಂಪ್ಯೂಟರ್ ಹಾಕಿ ಅಂತ ಗಿರಾಕಿಗೆ ಯಾವಾಗ ಹೇಳ್ಬೇಕು?" ಮೂರು ವರ್ಷ, ಐದು ವರ್ಷ ಎನ್ನುವಂಥ ಉತ್ತರ ಅವರಿಗೆ ಬೇಕು. ಅದು ನನ್ನ ಹತ್ತಿರ ಇಲ್ಲ. ಇರುವುದು ಒಂದು ತಮಿಳು ಪದ ಮತ್ತು ಒಬ್ಬ ಮದುವಣಗಿತ್ತಿಯ ಹೆಸರು. ಎರಡನ್ನೂ ಬರೆದಿಟ್ಟುಬಿಟ್ಟರೆ ಮನೆಯಲ್ಲಿ ಕಾಫಿಪುಡಿಯಾದರೂ ಉಳಿದೀತು ಎಂದು ಕೂತಿದ್ದೇನೆ.

ನಾನು ಹಲಸೂರಿನವನು. ಮೊದಲು ಶಿವಾಜಿನಗರದಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದೆ. ತೊಂಬತ್ತರ ದಶಕ ಶುರುವಾದಂತೆ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಒಂದೊಂದಾಗಿ ಬೋರ್ಡಿನ ಮೇಲೆ 'ಕಂಪ್ಯೂಟರ್ ಕ್ಲಾಸ್' ಎಂದು ಬರೆಸತೊಡಗಿದವು. ನನ್ನ ಎಣ್ಣೆ ಡಬ್ಬಿಗೂ ಸ್ಕ್ರೂಡ್ರೈವರಿಗೂ ಕೆಲಸ ಕಡಿಮೆಯಾಯಿತು. ಆಗ ನನ್ನನ್ನು ಕರೆದು ಕೆಲಸ ಕೊಟ್ಟವರು ಬೆನ್ಸನ್ ಟೌನಿನ ಎಸ್ತರ್ ಮೇಡಂ. ತಮ್ಮ ಮನೆಯ ಕಾರ್ ಶೆಡ್ಡಿನಲ್ಲೇ ಅವರು ಕಂಪ್ಯೂಟರ್ ಸರ್ವಿಸ್ ಅಂಗಡಿ ತೆರೆದಿದ್ದರು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಒಂದೋ ಎರಡೋ ಕಂಪ್ಯೂಟರ್ ಇಟ್ಟುಕೊಂಡ ಸಣ್ಣ ಅಂಗಡಿಗಳೇ ಅವರ ಗಿರಾಕಿಗಳು. ದೊಡ್ಡ ಕಂಪನಿಗಳ ಕಡೆ ಅವರು ತಲೆ ಹಾಕಿಯೂ ಮಲಗಲಿಲ್ಲ.

ಕೆಲಸಕ್ಕೆ ಸೇರಿದ ದಿನ ಮೇಡಂ ನನಗೆ ಕೊಟ್ಟ ಮೊದಲ ಸಲಕರಣೆ ಒಂದು ಮಡಚುವ ಸ್ಟೂಲು.

"ಕಂಪ್ಲೇಂಟ್ ಬಂತು ಅಂದ್ರೆ ಮೊದ್ಲು ಏನ್ ಮಾಡ್ತೀಯ ನಾಗರಾಜ್?" ಎಂದು ಕೇಳಿದರು.

"ಬಿಚ್ಚಿ ನೋಡ್ತೀನಿ ಮೇಡಂ."

"ಬಿಚ್ಚಬೇಡ. ಉಕ್ಕಾರು."

ತಮಿಳಿನಲ್ಲಿ ಹಾಗೆಂದರೆ ಕೂತುಕೋ ಎಂದು. ನಾನು ಅಲ್ಲೇ ಸ್ಟೂಲು ಬಿಡಿಸಿ ಕೂತುಬಿಟ್ಟೆ. ಮೇಡಂ ನಕ್ಕರು. "ಇಲ್ಲಲ್ಲಪ್ಪಾ, ಗಿರಾಕಿ ಹತ್ರ. ಆ ಮಿಷಿನ್ ಮೇಲೆ ಯಾರ್ ಕೆಲ್ಸ ಮಾಡ್ತಾರೋ ಅವ್ರ ಪಕ್ಕದಲ್ಲಿ ಅರ್ಧ ದಿನ ಕೂತ್ಕೋ. ಬಾಯ್ ಮುಚ್ಕೊಂಡು ನೋಡು. ಆಮೇಲೆ ನಂಗೆ ಫೋನ್ ಮಾಡು. ಹೊಸದು ಬೇಕೋ ಬೇಡ್ವೋ ಆಗ ಮಾತಾಡೋಣ."

ನಮ್ಮ ಶೆಡ್ಡಿನಲ್ಲಿ ಆ ಮಾತು ಒಂದು ಕೆಲಸದ ಹೆಸರೇ ಆಗಿಹೋಯಿತು. "ಇಂದಿರಾನಗರದಲ್ಲಿ ಒಂದು ಉಕ್ಕಾರು ಇದೆ, ಹೋಗ್ಬಿಟ್ಟು ಬಾ" ಎನ್ನುವರು. ಸ್ಕೂಟರಿನ ಮುಂದೆ ಸ್ಟೂಲು ಇಟ್ಟುಕೊಂಡು ನಾನು ಹೊರಡುತ್ತಿದ್ದೆ. ದಾರಿಯಲ್ಲಿ ಕಂಡವರು ಕ್ಷೌರ ಮಾಡಲು ಹೊರಟವನೆಂದು ತಿಳಿದಿರಲೂಬಹುದು.

ಇಂದಿರಾನಗರದ ಟ್ರಾವೆಲ್ ಏಜೆಂಟರೊಬ್ಬರು ತಮ್ಮ ಕಂಪ್ಯೂಟರ್ ಮುದಿಯಾಗಿದೆ, ದಿನಾ ಹನ್ನೊಂದು ಗಂಟೆಗೆ ತಾನೇ ಆರಿಹೋಗುತ್ತದೆ, ಹೊಸದು ಕೊಡಿ ಎಂದರು. ಹೋಗಿ ಕೂತೆ. ಹನ್ನೊಂದಾಯಿತು. ಮೇಲಿನ ಮನೆಯಲ್ಲಿ ಏಜೆಂಟರ ಅತ್ತೆ ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿದರು. ಕೆಳಗೆ ಕಂಪ್ಯೂಟರ್ ಕಣ್ಣು ಮುಚ್ಚಿತು. ಕಂಪ್ಯೂಟರಿಗೆ ಬೇರೆ ತಂತಿ ಎಳೆಸಿದೆವು. ಅದೇ ಮಿಷಿನ್ ಇನ್ನೂ ಕೆಲವು ವರ್ಷ ದುಡಿಯಿತು. ಹಲಸೂರಿನ ಒಂದು ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಪ್ರತಿ ವರ್ಷ ಆಯುಧಪೂಜೆಯಾದ ವಾರಕ್ಕೆ ಫ್ಲಾಪಿ ಡ್ರೈವ್ ಕೆಡುತ್ತಿತ್ತು. ಬಿಚ್ಚಿದರೆ ಒಳಗೆ ಕುಂಕುಮ, ಅಕ್ಷತೆ. ಎರಡು ಸಲ ಡ್ರೈವ್ ಬದಲಿಸಿದ ಮೇಲೆ ಹಬ್ಬದ ಹಿಂದಿನ ದಿನ ಹೋಗಿ ಅದರ ಬಾಯಿಗೆ ಟೇಪು ಅಂಟಿಸಿ ಬರುವ ಪದ್ಧತಿ ಇಟ್ಟುಕೊಂಡೆ. ಪ್ರಸಾದದ ಪೊಟ್ಟಣ ಮಾತ್ರ ತಪ್ಪದೆ ಸಿಗುತ್ತಿತ್ತು.

ಎರಡು ಸಾವಿರದ ಇಸವಿ ಬಂದೊಡನೆ ಎಲ್ಲ ಕಂಪ್ಯೂಟರುಗಳೂ ನಿಂತುಹೋಗುತ್ತವೆ ಎಂಬ ಗುಲ್ಲೆದ್ದಾಗ, ಮೇಡಂಗೆ ಇಷ್ಟವಿದ್ದಿದ್ದರೆ ಮಾರಿ ಮಾರಿ ಮನೆ ಕಟ್ಟಬಹುದಿತ್ತು. ಜನ ಹೆದರಿ ತಾವಾಗಿಯೇ ಬರುತ್ತಿದ್ದರು. ಮೇಡಂ ನಮ್ಮನ್ನು ಅಂಗಡಿ ಅಂಗಡಿಗೂ ಕಳಿಸಿ, ಕಂಪ್ಯೂಟರಿನ ಗಡಿಯಾರವನ್ನು ಮುಂದಿನ ವರ್ಷಕ್ಕೆ ತಿರುಗಿಸಿ, ಬಿಲ್ಲು ಬರುತ್ತದೋ ಇಲ್ಲವೋ ತೋರಿಸಿ ಬರಲು ಹೇಳಿದರು. ಬಹಳಷ್ಟು ಕಡೆ ಬಂತು. "ಭಯ ಪಟ್ಟು ತಗೊಂಡಿದ್ದು ಮನೇಲಿ ನಿಲ್ಲಲ್ಲ" ಎನ್ನುವುದು ಅವರ ಮಾತು. ಅವರ ಕೈಕೆಳಗೆ ದುಡಿದದ್ದು ನನ್ನ ಪುಣ್ಯ. ಇದನ್ನು ಅವರೆದುರು ಹೇಳಿದ್ದರೆ "ಸುಮ್ನೆ ಕೆಲ್ಸ ನೋಡು" ಎನ್ನುತ್ತಿದ್ದರು.

ಇಷ್ಟು ಹೇಳಿದರೆ ಹೊಸದು ಬೇಡವೆನ್ನುವುದೇ ನಮ್ಮ ಕಸುಬಾಗಿತ್ತು ಎಂದುಕೊಂಡೀರಿ. ಹಾಗೇನಿಲ್ಲ. ಬೇಕೇ ಬೇಕು ಎಂದು ನಾವು ಹಟ ಹಿಡಿದ ಜಾಗ ಇಲಿಯಾಸ್ ಸಾಹೇಬರ ಮದುವೆ ಕಾರ್ಡಿನ ಪ್ರೆಸ್ಸು.

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಆ ಪ್ರೆಸ್ಸು. ಉರ್ದು ಕಾರ್ಡುಗಳನ್ನು ಸಾಹೇಬರು ಬಿದಿರಿನ ಲೇಖನಿ ಹಿಡಿದು ತಾವೇ ಕೈಯಾರೆ ಬರೆಯುತ್ತಿದ್ದರು. ಅವರ ಅಕ್ಷರ ನೋಡಲೆಂದೇ ಫ್ರೇಜರ್ ಟೌನಿನ ದೊಡ್ಡ ಮನೆಗಳವರು ಬರುತ್ತಿದ್ದರು. ಕನ್ನಡದ ಕಾರ್ಡುಗಳು ಮಾತ್ರ ಕಂಪ್ಯೂಟರಿನಲ್ಲಿ. ಅದನ್ನು ಟೈಪು ಮಾಡುತ್ತಿದ್ದವಳು ಯಾದಗಿರಿ ಕಡೆಯ ಮಹಾದೇವಿ. ಕಗ್ಗದಾಸಪುರದಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿ ತಾಯಿ ಮತ್ತು ಓದುವ ತಮ್ಮನೊಂದಿಗೆ ಇದ್ದಳು. ಮೂವರ ಊಟವೂ ತಮ್ಮನ ಕಾಲೇಜೂ ಅವಳ ಸಂಬಳದ ಮೇಲೇ ನಿಂತಿದ್ದವು. ಅವಳು ಟೈಪು ಮಾಡಿದ್ದನ್ನು ಸ್ಕ್ರೀನ್ ಪ್ರಿಂಟಿಂಗಿನ ಜಾಲರಿಗೆ ಇಳಿಸಿ ಚಿನ್ನದ ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದವನು ಮುರುಗನ್. ಅವನಿಗೆ ತಮಿಳು ಬಿಟ್ಟು ಬೇರೆ ಓದು ಬಾರದು. ಸಾಹೇಬರಿಗೆ ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಅಷ್ಟಕ್ಕಷ್ಟೆ.

ಕಂಪ್ಯೂಟರ್ ಹಳೆಯದು. ಆದರೆ ಹೊಸದರ ಮಾತೆತ್ತಿದರೆ ಸಾಹೇಬರದು ಒಂದೇ ಉತ್ತರ: "ಚಲ್ರಾ ನಾ? ಚಲ್ನೇ ದೋ." ನಡೀತಾ ಇದೆಯಲ್ಲ, ನಡೆಯಲಿ ಬಿಡು ಎಂದು ಅರ್ಥ.

ಬೇಸಿಗೆಯ ಒಂದು ದಿನ ಅಲ್ಲಿ ಉಕ್ಕಾರು ಹಾಕಿದೆ. ಮಹಾದೇವಿ ಎಲ್ಲರಿಗಿಂತ ಮೊದಲೇ ಬಂದಿದ್ದಳು, ಯಾಕೆಂದರೆ ಆ ಮಿಷಿನ್ ಮೊದಲ ಸಲಕ್ಕೆ ಶುರುವಾಗುತ್ತಿರಲಿಲ್ಲ. ಒಂದೊಂದು ಸಾಲು ಮುಗಿದಾಗಲೂ ಸೇವ್ ಮಾಡುತ್ತಿದ್ದಳು. ಅವಳ ತಲೆಯ ಮೇಲೆ ಫ್ಯಾನ್ ಇತ್ತು, ತಿರುಗುತ್ತಿರಲಿಲ್ಲ. ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಟೈಪು ಮಾಡುತ್ತಿದ್ದಳು.

"ಫ್ಯಾನ್ ಕೆಟ್ಟಿದೆಯೇನಮ್ಮ?" ಎಂದೆ.

"ಇಲ್ರಿ ಅಣ್ಣಾ, ಛಲೋನೇ ಐತಿ. ಅದನ್ನ ಹಾಕಿದ್ರ ಇದು ನಡುಗ್ತದ್ರಿ" ಎಂದು ಕಂಪ್ಯೂಟರ್ ತೋರಿಸಿದಳು.

ಆಚೆ ಕೋಣೆಯಲ್ಲಿ ಸಾಹೇಬರು ತಮ್ಮ ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದರು. ನಾನು ಹೋಗಿ ಹೇಳಿದೆ, "ಸಾಹೇಬ್ರೆ, ಆ ಮಿಷಿನ್ ನಡೀತಿಲ್ಲ. ಆ ಹುಡುಗಿ ನಡೆಸ್ತಿದ್ದಾಳೆ." ಸಾಹೇಬರು ಎದ್ದು ಬಂದರು. ನಿಂತಿದ್ದ ಫ್ಯಾನನ್ನೂ ಅವಳ ಮುಖವನ್ನೂ ನೋಡಿದರು. "ಒಂದು ಮಾತು ಹೇಳಬಾರದಾ ಬೇಟಿ" ಎಂದವರೇ ಹೊಸದು ತರಲು ಒಪ್ಪಿಬಿಟ್ಟರು.

ಮೇಡಂ ಫೋನಿನಲ್ಲಿ ಒಂದೇ ಷರತ್ತು ಹಾಕಿದರು: ಹೊಸದು ಬಂದರೂ ಒಂದು ಮದುವೆ ಸೀಸನ್ ಮುಗಿಯುವವರೆಗೆ ಹಳೆಯದು ಪಕ್ಕದಲ್ಲೇ ಇರಬೇಕು.

"ಇಬ್ರು ಸೊಸೆಯಂದಿರಿಗೆ ಜಾಗ ಎಲ್ಲಿದೆ ಮೇಡಂ ನನ್ ಮನೇಲಿ?" ಎಂದು ಸಾಹೇಬರು ನಕ್ಕುಬಿಟ್ಟರು. ಪರಿಚಯದ ವ್ಯಾಪಾರಿಯೊಬ್ಬನಿಂದ ಹೊಸ ಕಂಪ್ಯೂಟರ್ ತಂದರು. ಕನ್ನಡದ ಫಾಂಟುಗಳನ್ನೆಲ್ಲ ಅವನೇ ತುಂಬಿ ಕೊಟ್ಟಿದ್ದ. ಪ್ರಿಂಟರನ್ನು ಅದಕ್ಕೆ ಜೋಡಿಸಿ ಎರಡು ಮೂರು ದಿನ ಕೆಲಸ ನಡೆಸಿ, ಹಳೆಯದನ್ನು ಒಯ್ಯಲು ನನ್ನನ್ನು ಕರೆಸಿದರು. ಇನ್ನೊಂದು ಸಲ ಹೇಳಿ ನೋಡೋಣ ಎಂದು ನಾನು ಸ್ಟೂಲು ಸಮೇತ ಹೋದೆ. ಹಳೆಯ ಮಿಷಿನ್ನಿನ ತಂತಿ ಇನ್ನೂ ಕಿತ್ತಿರಲಿಲ್ಲ, ಅಷ್ಟರಲ್ಲಿ ಒಬ್ಬ ತಂದೆ ಮಗಳು ಕಾರ್ಡು ಒಯ್ಯಲು ಬಂದರು.

ತಂದೆ ಹಣಮಂತಪ್ಪ ಗಾರೆ ಕೆಲಸದವನು, ಅವನೂ ಯಾದಗಿರಿ ಕಡೆಯವನೇ. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಮದುವೆ ಅವಳದೇ. ಸಂಜೆಯ ರೈಲಿಗೆ ಕಂಟೋನ್ಮೆಂಟಿನಲ್ಲಿ ಹತ್ತಿ, ಊರಿಗೆ ಹೋಗಿ ಕಾರ್ಡು ಹಂಚಬೇಕಿತ್ತು. ಮುರುಗನ್ ಕಟ್ಟು ಬಿಚ್ಚಿ ಒಂದನ್ನು ಅವಳ ಕೈಗೆ ಕೊಟ್ಟ. ಕೆನೆ ಬಣ್ಣದ ಕಾರ್ಡು, ಚಿನ್ನದ ಅಕ್ಷರ. ಹುಡುಗಿ ಓದಿದಳು. ಮತ್ತೊಮ್ಮೆ ಓದಿದಳು.

"ಅಪ್ಪಾ, ಇದರಾಗ ನನ್ನ ಹೆಸರು ಪಾವತಿ ಅಂತ ಐತಿ."

"ಹಂಗಂದ್ರ?"

"ರೊಕ್ಕ ಕಟ್ಟಿದ್ರ ಚೀಟಿ ಕೊಡ್ತಾರಲ್ಲ, ಅದು."

ಹುಡುಗಿಯ ಹೆಸರು ಪಾರ್ವತಿ. ಕಾರ್ಡಿನಲ್ಲಿ ಅರ್ಕಾವತ್ತು ಇರಲಿಲ್ಲ. ಅವಳ ಹೆಸರಿನಲ್ಲಷ್ಟೇ ಅಲ್ಲ, ಎಲ್ಲಿಯೂ ಇರಲಿಲ್ಲ. ಮುಹೂರ್ತ ಮುಹೂತವಾಗಿತ್ತು, ಆಶೀರ್ವಾದ ಆಶೀವಾದವಾಗಿತ್ತು. ಅದು ಇರಬೇಕಾದ ಜಾಗ ಖಾಲಿ ಬಿದ್ದಿತ್ತು. ಹಣಮಂತಪ್ಪ ಕಾರ್ಡಿನ ಕಟ್ಟಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟ. "ಊರಾಗ ಮಂದಿ ನಗ್ತಾರ್ರಿ ಸಾಹೇಬ್ರ. ವರದಕ್ಷಿಣಿ ಪಾವತಿ ಮಾಡ್ಯಾನ, ಅದನ್ನ ಕಾರ್ಡಿನ್ಯಾಗೂ ಹಾಕ್ಸ್ಯಾನ ಅಂತಾರ್ರಿ" ಎಂದ.

ಸಾಹೇಬರ ಮುಖ ಕೆಂಪಾಯಿತು. ಆ ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟಿತ್ತು: ಗಿರಾಕಿ ಪ್ರೂಫ್ ನೋಡಿ ಸರಿ ಎಂದ ಮೇಲೆ ಒಂದು ಚುಕ್ಕೆಯನ್ನೂ ಮುಟ್ಟಬಾರದು. ಹಿಂದೆ ಇದ್ದ ಒಬ್ಬನನ್ನು ಅದೇ ಕಾರಣಕ್ಕೆ ಕಳಿಸಿದ್ದರು. ಈ ಕಾರ್ಡಿನ ಪ್ರೂಫನ್ನು ಪಾರ್ವತಿಯೇ ಓದಿ ಒಪ್ಪಿದ್ದಳು, ಆಗ ಸರಿಯಾಗಿತ್ತು. ಅಂದ ಮೇಲೆ ಯಾರೋ ಮುಟ್ಟಿದ್ದಾರೆ.

"ಮುಟ್ಟಿದ್ಯಾ?" ಎಂದು ಮಹಾದೇವಿಯನ್ನು ಕೇಳಿದರು.

"ಇಲ್ರಿ ಸಾಹೇಬ್ರ. ಹಳೇದ್ರಾಗಿಂದು ಫ್ಲಾಪಿನ್ಯಾಗ ತಂದು ಹೊಸದಕ್ಕ ಹಾಕಿ ಪ್ರಿಂಟ್ ಕೊಟ್ಟೀನಿ ಅಷ್ಟೇ. ಒಪ್ಪಿದ ಪ್ರೂಫು ಅಂತ ತಿರಗಿ ಓದಿಲ್ರಿ."

"ಹಾಗಾದ್ರೆ ಅಕ್ಷರ ಎಲ್ಲಿ ಹೋಯ್ತು? ಇಲಿ ತಿಂತಾ? ಲೆಕ್ಕ ಮುಗಿಸ್ಕೊ. ನಾಳೆಯಿಂದ ಬರಬೇಡ."

ಮಹಾದೇವಿ ಅಳಲಿಲ್ಲ. ಊಟದ ಡಬ್ಬಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. ನಾನು ಸಾಹೇಬರ ಫೋನಿನಿಂದಲೇ ಮೇಡಂಗೆ ಹೇಳಿದೆ. ಅವರು ಕೇಳಿದ್ದು ಒಂದೇ, "ಹಳೇದು ಇನ್ನೂ ಅಲ್ಲೇ ಇದ್ಯಾ? ಹಾಗಿದ್ರೆ ಉಕ್ಕಾರು. ಎರಡರ ಮುಂದೆನೂ ಆ ಹುಡ್ಗೀನ ಕೂರ್ಸು, ಅದೇ ಫ್ಲಾಪಿ ಹಾಕ್ಸು."

ಮಹಾದೇವಿಯ ಕೈಯಿಂದ ಚೀಲ ಇಸಿದುಕೊಂಡು ಕೂರಿಸಿದೆ. ಹಳೆಯ ಮಿಷಿನ್ ಮೂರನೆಯ ಸಲಕ್ಕೆ ಶುರುವಾಯಿತು. ಫ್ಲಾಪಿ ಹಾಕಿದಳು. ಪರದೆಯ ಮೇಲೆ ಪಾರ್ವತಿ ಬಂದಳು, ಅರ್ಕಾವತ್ತಿನ ಸಮೇತ. ಅದೇ ಫ್ಲಾಪಿಯನ್ನು ತೆಗೆದು ಹೊಸದಕ್ಕೆ ಹಾಕಿದಳು. ವ ಮತ್ತು ತಿ ನಡುವೆ ಖಾಲಿ ಜಾಗ. ಹೊಸದರಲ್ಲೇ ಇನ್ನೊಮ್ಮೆ ಟೈಪು ಮಾಡಿದಳು. ಆಗಲೂ ಖಾಲಿಯೇ.

ಈಗಿನವರಿಗೆ ಇದು ವಿಚಿತ್ರವೆನಿಸಬಹುದು. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಆಗ ಕನ್ನಡ ಅಕ್ಷರಗಳಿಗೆ ಎಲ್ಲ ಕಂಪ್ಯೂಟರಿಗೂ ಒಂದೇ ಎನ್ನುವ ಸಂಖ್ಯೆಗಳಿರಲಿಲ್ಲ. ಫಾಂಟು ಮಾಡಿದವರು ತಮಗೆ ತೋಚಿದ ಮನೆಯಲ್ಲಿ ತೋಚಿದ ಅಕ್ಷರವನ್ನು ಕೂರಿಸುತ್ತಿದ್ದರು. ಎರಡೂ ಫಾಂಟುಗಳ ಹೆಸರು ಒಂದೇ, ರೂಪ ಒಂದೇ. ಆದರೆ ಹೊಸ ಆವೃತ್ತಿಯಲ್ಲಿ ಅರ್ಕಾವತ್ತಿನ ಮನೆಯನ್ನು ಖಾಲಿ ಮಾಡಿಸಿದ್ದರು.

ಸಾಹೇಬರು ಎರಡು ಪರದೆಗಳ ಮಧ್ಯೆ ಬಗ್ಗಿ ನಿಂತರು. ಓದಲು ತಡವರಿಸುತ್ತಿದ್ದವರು ಆಗ ಓದಲಿಲ್ಲ, ಚಿತ್ರ ನೋಡಿದ ಹಾಗೆ ನೋಡಿದರು. ಜೀವಮಾನವಿಡೀ ಅಕ್ಷರದ ಆಕಾರ ತಿದ್ದಿದ ಕಣ್ಣು ಅದು. ಅರ್ಕಾವತ್ತಿನ ಮೇಲೆ ಬೆರಳಿಟ್ಟು, "ಇಲ್ಲಿ ವಾವ್ ಇದೆ" ಎಂದರು. ಹೊಸದರ ಮೇಲೆ ಬೆರಳಿಟ್ಟು, "ಇಲ್ಲಿ ವಾವ್ ಇಲ್ಲ" ಎಂದರು. ಉರ್ದುವಿನ ವಾವ್ ಅಕ್ಷರವೂ ನಮ್ಮ ಅರ್ಕಾವತ್ತೂ ನೋಡಲು ಅಕ್ಕತಂಗಿಯರ ಹಾಗಿವೆ ಎನ್ನುವುದು ಆ ತನಕ ನನಗೂ ಹೊಳೆದಿರಲಿಲ್ಲ.

ಆಮೇಲೆ ಸಾಹೇಬರು ಮಹಾದೇವಿಯ ಕಡೆ ತಿರುಗಿದರು. "ಬೇಟಿ, ನೀನು ಮುಟ್ಟಿಲ್ಲ. ತಪ್ಪು ನನ್ದು, ನನ್ ಬಾಯಿದು. ಮನಸ್ಸಲ್ಲಿ ಇಟ್ಕೋಬೇಡ" ಎಂದರು. ಮುರುಗನ್, ನಾನು, ಗಿರಾಕಿಗಳು, ಎಲ್ಲರ ಎದುರಿಗೇ ಹೇಳಿದರು. ಮಹಾದೇವಿಗೆ ಆಗ ಅಳು ಬಂತು. "ಇರ್ಲಿ ಬಿಡ್ರಿ ಸಾಹೇಬ್ರ. ಮೊದ್ಲ ಇವ್ರ ಕಾರ್ಡಿಂದ ನೋಡೋಣ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಸದಾಗಿ ಅಚ್ಚು ಹಾಕಬಹುದಿತ್ತು, ಆದರೆ ಚಿನ್ನದ ಬಣ್ಣ ಆರಲು ಮರುದಿನವಾಗಬೇಕು. ರೈಲು ಸಂಜೆಗೆ. ಆಗ ದಾರಿ ತೋರಿಸಿದವಳು ಪಾರ್ವತಿ.

"ಅಷ್ಟೂ ಕಾರ್ಡಿಗೂ ಮೂಲಿಗೆ ಕುಂಕುಮ ಹಚ್ಚೋದು ಐತಲ್ರಿ. ನಡುವನೂ ನಾಕು ಕಡೆ ಹಚ್ಚಿದ್ರಾತು. ಕೆಂಪು ಪೆನ್ ತರ್ರಿ."

ಪಕ್ಕದ ಅಂಗಡಿಯಿಂದ ಕೆಂಪು ಪೆನ್ನುಗಳು ಬಂದವು. ಸಾಹೇಬರು ಕಾಗದದ ಮೇಲೆ ಅರ್ಕಾವತ್ತನ್ನು ದೊಡ್ಡದಾಗಿ ಬರೆದು, ಎಲ್ಲಿ ಶುರು, ಎಲ್ಲಿ ಬಾಲ ಎಂದು ನಮಗೆಲ್ಲ ಪಾಠ ಮಾಡಿದರು. ಕನ್ನಡ ಬಾರದ ಮುರುಗನ್, ಅಕ್ಷರವೇ ಬಾರದ ಹಣಮಂತಪ್ಪ, ನಾನು, ಮಹಾದೇವಿ ಸಾಲಾಗಿ ಕೂತೆವು. ಮಹಾದೇವಿ ಜಾಗ ತೋರಿಸುತ್ತಿದ್ದಳು, ನಾವು ತುಂಬುತ್ತಿದ್ದೆವು. ಮುರುಗನ್‌ನ ಅರ್ಕಾವತ್ತು ಗೊದಮೊಟ್ಟೆಯ ಹಾಗಿತ್ತು, ನನ್ನದು ಅದಕ್ಕಿಂತ ವಾಸಿಯೇನಲ್ಲ. ವಧುವಿನ ಹೆಸರನ್ನು ಮಾತ್ರ ಸಾಹೇಬರು ಬೇರೆ ಯಾರಿಗೂ ಬಿಡಲಿಲ್ಲ. ಒಂದೊಂದು ಕಾರ್ಡನ್ನೂ ತಾವೇ ಎಳೆದುಕೊಂಡು, ಉಸಿರು ಬಿಗಿಹಿಡಿದು, ಪಾರ್ವತಿಯ ವಾವ್ ಬರೆದರು. ಚಿನ್ನದ ನಡುವೆ ಕೆಂಪು ಎಷ್ಟು ಒಪ್ಪಿತೆಂದರೆ, ಬೇಕೆಂದೇ ಹಾಗೆ ಮಾಡಿಸಿದಂತಿತ್ತು. ಹಣಮಂತಪ್ಪನಿಗೆ ರೈಲು ಸಿಕ್ಕಿತು.

ಆ ಸೀಸನ್ ಪೂರ್ತಿ ಇಬ್ಬರು ಸೊಸೆಯಂದಿರೂ ಒಂದೇ ಮೇಜಿನ ಮೇಲೆ ಸಂಸಾರ ಮಾಡಿದರು. ಹಳೆಯ ಫಾಂಟನ್ನು ಹೊಸದಕ್ಕೆ ತಂದು, ಹಳೆಯ ಕಾರ್ಡುಗಳನ್ನೆಲ್ಲ ಮಹಾದೇವಿ ಎರಡರಲ್ಲೂ ತೆರೆದು ಹೋಲಿಸಿ ಒಪ್ಪಿದ ಮೇಲೆಯೇ ನಾನು ಹಳೆಯದರ ತಂತಿ ಕಿತ್ತದ್ದು. ಅಷ್ಟರಲ್ಲಿ ಅವಳ ತಲೆಯ ಮೇಲಿನ ಫ್ಯಾನು ತಿರುಗತೊಡಗಿತ್ತು. ಫ್ಯಾನಿನ ಗಾಳಿಗೆ ಕಾಗದ ಹಾರುತ್ತದೆ ಎಂದು ಮುರುಗನ್ ಗೊಣಗುತ್ತಿದ್ದ.

ಅಂದಿನಿಂದ ಯಾವ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಹಾಕಿದರೂ ನಾನು ಮೊದಲು ಟೈಪು ಮಾಡಿಸುವ ಪದ ಪಾರ್ವತಿ. ಶೆಡ್ಡಿನಲ್ಲಿ ಮೇಡಂ ಕೂಡ "ಪಾರ್ವತಿ ಬಂದ್ಲಾ?" ಎಂದೇ ವಿಚಾರಿಸುತ್ತಿದ್ದರು. ಫ್ಲಾಪಿ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್ ಡ್ರೈವ್ ಬಂತು, ಆ ಪರೀಕ್ಷೆ ಬದಲಾಗಲಿಲ್ಲ. ರಿಪೇರಿಯ ಖರ್ಚು ಮೂಗಿಗಿಂತ ಮೂಗುತಿ ಭಾರ ಎನ್ನುವಂತಾದರೆ ಹೊಸದು ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿಯಾರು. ನಾನು ಹೇಳುವುದು ಇಷ್ಟು: ಆ ಮಿಷಿನ್ನಿನ ಮುಂದೆ ಕೂತವರು ಅದಕ್ಕಾಗಿ ಏನೇನು ಸಹಿಸಿಕೊಳ್ಳುತ್ತಿದ್ದಾರೆ ಎಂದು ಕೂತು ನೋಡಿ. ಅವರೇ ಬಾಯಿಬಿಟ್ಟು ಹೇಳುವುದಿಲ್ಲ. ಹೊಸದು ತಂದ ಮೇಲೆ ಹಳೆಯದನ್ನು ಅದೇ ದಿನ ಹೊರಗೆ ಹಾಕಬೇಡಿ. ಏನಾದರೂ ಎಡವಟ್ಟಾದರೆ ಹಳೇ ಗಂಡನ ಪಾದವೇ ಗತಿ.

ಕೆಲವು ವರ್ಷಗಳ ನಂತರ ಆ ಹೊಸದೂ ಹಳೆಯದಾಯಿತು. ಅಷ್ಟರಲ್ಲಿ ಕನ್ನಡಕ್ಕೆ ಎಲ್ಲ ಕಡೆಯೂ ಒಂದೇ ಆಗಿರುವ ಸಂಖ್ಯೆಗಳು ಬಂದಿದ್ದವು. ಮತ್ತೊಂದು ಕಂಪ್ಯೂಟರ್ ಹಾಕಿ ನಾನು ಮಹಾದೇವಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಅವಳ ತಮ್ಮ ಆಗಲೇ ಕೆಲಸಕ್ಕೆ ಸೇರಿದ್ದ. ನೀನಿನ್ನು ಮನೆಯಲ್ಲಿರು ಎಂದರೂ ಅವಳು ಪ್ರೆಸ್ಸು ಬಿಟ್ಟಿರಲಿಲ್ಲ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತು, "ಗುರುತು ಸಿಕ್ಕಿತೇನ್ರಿ? ನಾ ಪಾವತಿ" ಎಂದಳು.

ಪಾರ್ವತಿಯೇ. ಕೆ.ಆರ್. ಪುರದಲ್ಲಿ ಸ್ವಂತ ಹೊಲಿಗೆ ಅಂಗಡಿ ಇಡುವವಳಿದ್ದಳು. 'ಪಾರ್ವತಿ ಟೈಲರ್ಸ್' ಪ್ರಾರಂಭಕ್ಕೆ ಕಾರ್ಡು ಬೇಕಿತ್ತು. ಮಹಾದೇವಿ ಟೈಪು ಮಾಡಿ ಪ್ರೂಫ್ ತೆಗೆದು ಕೊಟ್ಟಳು. ಅರ್ಕಾವತ್ತು ಮಣಿಯಂತೆ ಕೂತಿತ್ತು. ಪಾರ್ವತಿ ನೋಡಿದಳು, ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ಸರಿ ಐತ್ರಿ. ಆದ್ರ ಇದು ನನ್ನ ಹೆಸರು ಅನ್ನಿಸವಲ್ದು. ನನ್ನ ಲಗ್ನದ ಕಾರ್ಡು ಊರಾಗಿನ ಮಂದಿ ಇನ್ನೂ ಇಟ್ಕೊಂಡಾರ್ರಿ, ಕೆಂಪು ಅಕ್ಷರದ್ದು ಅಂತ. ಸಾಹೇಬ್ರ ಕೈಲೆ ಬರ್ಸಿ ಕೊಡ್ರಿ."

ಸಾಹೇಬರಿಗೆ ಆಗ ವಯಸ್ಸಾಗಿತ್ತು. ಉರ್ದು ಕಾರ್ಡುಗಳೂ ಕಂಪ್ಯೂಟರಿಗೆ ಬಂದಿದ್ದರಿಂದ ಬಿದಿರಿನ ಲೇಖನಿ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಅವರು ಕನ್ನಡಕ ಏರಿಸಿಕೊಂಡು, ಅಂಗಿಯ ತೋಳು ಮಡಚಿಕೊಂಡು, "ಬೇಟಿ, ಕೆಂಪು ಶಾಯಿ ಎಲ್ಲಿದೆ ನೋಡು" ಎಂದರು.

ಮಹಾದೇವಿ ಶಾಯಿ ಕೊಟ್ಟು ಬಂದು ನನ್ನ ಪಕ್ಕ ಕೂತಳು. ಪರದೆಯ ಮೇಲೆ ಪಾರ್ವತಿ ಎಂದಿತ್ತು. ಅವಳು ಅರ್ಕಾವತ್ತನ್ನು ಅಳಿಸಿದಳು, ಅದರ ಜಾಗವನ್ನು ಅಳತೆ ನೋಡಿ ಖಾಲಿ ಬಿಟ್ಟಳು, ನನ್ನ ಕಡೆ ನೋಡಿ ನಕ್ಕಳು.

"ಈ ಸಲ ಮಾತ್ರ ನಾನೇ ಮುಟ್ಟೀನ್ರಿ ಅಣ್ಣಾ" ಎಂದಳು.